ಪಾದರಸಕ್ಕೆ ಮೂರು ಬಕೆಟ್ ನೀರು

ಫೆಬ್ರವರಿ 4

ಅಮ್ಮನಿಗೆ,

ಮೊನ್ನೆ ಫೋನಿನಲ್ಲಿ ನಾನು ಕೂಗಿದ್ದು ನಿನ್ನೊಬ್ಬಳನ್ನು ಬಿಟ್ಟು ಇಡೀ ಕಟ್ಟಡಕ್ಕೆ ಕೇಳಿಸಿತು. ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, "ಏನಾಯ್ತು, ಯಾರ ಜೊತೆ ಜಗಳ?" ಎಂದು ವಿಚಾರಿಸಿ ಹೋದಳು. ಸಾಕಪ್ಪಾ ಫೋನಿನ ಸಹವಾಸ. ಕಿವಿಗೆ ಹಾಕುವ ಮಿಷನ್ನನ್ನು ನೀನು ಒಡವೆಯ ಹಾಗೆ ಡಬ್ಬಿಯಲ್ಲಿಟ್ಟು ಪೂಜೆ ಮಾಡುವವರೆಗೂ ನಮಗೆ ಕಾಗದವೇ ಗತಿ. ದೊಡ್ಡಮ್ಮನಿಗೆ ಹೇಳು, ಇದು ನಿನಗೆ ಬರೆದ ಕಾಗದ, ಅವರು ಮೊದಲು ಒಡೆದು ಓದುವ ಹಾಗಿಲ್ಲ. (ಓದಿಯಾಗಿದ್ದರೆ, ದೊಡ್ಡಮ್ಮ, ನಮಸ್ಕಾರ.)

ಹೊಸ ಕೆಲಸ ಹೇಗಿದೆ ಎಂದು ಕೇಳಿದ್ದೆಯಲ್ಲ. ಮೊದಲು ನಾನು ಪ್ರಯೋಗಾಲಯದಲ್ಲಿ ಕೂತು, ಬೇರೆಯವರು ತಂದ ಬಾಟಲಿ ಪರೀಕ್ಷೆ ಮಾಡುತ್ತಿದ್ದೆ. ಈಗ ಬೀದಿ ಬೀದಿ ಅಲೆದು ಮ್ಯಾನ್‌ಹೋಲ್ ಮುಚ್ಚಳ ತೆಗೆಸುತ್ತೇನೆ. ಊರಿನ ಕೊಳಚೆಯೆಲ್ಲ ಬಂದು ಸೇರುವ ನಮ್ಮ ಶುದ್ಧೀಕರಣ ಘಟಕದಲ್ಲಿ, ನೀರು ಸೋಸಿ ಉಳಿದ ಕೆಸರನ್ನು ಒಣಗಿಸಿ ಹೂವು ಬೆಳೆಯುವವರಿಗೆ ಗೊಬ್ಬರಕ್ಕೆ ಕೊಡುತ್ತಿದ್ದೆವು. ಆರು ತಿಂಗಳಿಂದ ಆ ಕೆಸರಿನಲ್ಲಿ ಪಾದರಸ ಮಿತಿ ಮೀರಿ ಬರುತ್ತಿದೆ. ಕೊಡುವುದು ನಿಲ್ಲಿಸಿದ್ದೇವೆ. ಅಂಗಳದಲ್ಲಿ ಕೆಸರು ಗುಡ್ಡೆ ಬಿದ್ದಿದೆ, ಹೂವಿನವರು ಗೇಟಿನ ಹತ್ತಿರ ಬಂದು ಬೈದು ಹೋಗುತ್ತಾರೆ. ಪಾದರಸ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಪತ್ತೆ ಹಚ್ಚುವುದು ಹೀಗೆ. ಘಟಕದಿಂದ ಹಿಂದಕ್ಕೆ ಹೋಗಬೇಕು. ಎರಡು ಪೈಪು ಕೂಡುವಲ್ಲಿ ನಿಲ್ಲಬೇಕು, ಎರಡನ್ನೂ ಪರೀಕ್ಷೆ ಮಾಡಬೇಕು. ಶುದ್ಧ ಇರುವುದನ್ನು ಬಿಟ್ಟು, ಕೆಟ್ಟದ್ದರ ಬೆನ್ನು ಹತ್ತಬೇಕು. ಮುಂದಿನ ಕೂಡುವಲ್ಲಿ ಮತ್ತೆ ಅದೇ. ನಾವು ನೀರನ್ನು ಅಷ್ಟಾಗಿ ನಂಬುವುದಿಲ್ಲ. ನಮ್ಮ ಮೇಸ್ತ್ರಿ ಉದ್ದ ಕೋಲಿನ ತುದಿಗೆ ಕರಣೆಯಂಥ ತಗಡು ಕಟ್ಟಿ ಮೇಲಿನಿಂದಲೇ ಇಳಿಬಿಟ್ಟು, ಪೈಪಿನ ಗೋಡೆಗೆ ಅಂಟಿದ ಲೋಳೆಯನ್ನು ಕೆರೆದು ತೆಗೆಯುತ್ತಾರೆ. "ನೀರು ಇವತ್ತು ಬಂದು ಇವತ್ತೇ ಹೋಗುತ್ತೆ ಮೇಡಂ. ಈ ಲೋಳೆ ಇದೆಯಲ್ಲ, ಅತ್ತೆ ಇದ್ದ ಹಾಗೆ. ಯಾವತ್ತು ಏನಾಯ್ತು ಎಲ್ಲಾ ನೆನಪಿಟ್ಕೊಂಡಿರುತ್ತೆ" ಅನ್ನುತ್ತಾರೆ. ಅವರ ಅತ್ತೆ ಇನ್ನೂ ಗಟ್ಟಿಯಾಗಿದ್ದಾರಂತೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಾಲ್ಕು ಕೂಡುದಾರಿ ಹಿಂದಕ್ಕೆ ಬಂದಾಗ ನಾವು ನಿಂತದ್ದು ಹಳೇ ಪೇಟೆಯಲ್ಲಿ. ನಮ್ಮ ಪೇಟೆಯಲ್ಲಿ! ನೀನು ಕೆಲಸಕ್ಕಿದ್ದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬೋರ್ಡು ಇದ್ದ ಜಾಗ ರಸ್ತೆಯ ಆ ತುದಿಯಲ್ಲಿ ಕಾಣುತ್ತಿತ್ತು. ಕೈಯಲ್ಲಿ ನಾರುವ ಬಾಟಲಿ ಹಿಡಿದುಕೊಂಡು ಅಳು ಬಂದಂತಾಯಿತು, ನಗಬೇಡ. ನನಗೆ ತಿಳಿವಳಿಕೆ ಬರುವ ಮೊದಲು ಆ ಸುತ್ತಿನಲ್ಲಿ ಪಾದರಸದ ಕೆಲಸ ಯಾರು ಯಾರು ಮಾಡುತ್ತಿದ್ದರು, ನೆನಪು ಮಾಡಿಕೊಂಡು ಬರೆ.

ನಿನ್ನ ಮಗಳು

*

ಫೆಬ್ರವರಿ 13

ಪುಟ್ಟಿಗೆ, ಅಮ್ಮನ ಆಶೀರ್ವಾದ.

ಅಕ್ಷರ ಕುಣಿಯುತ್ತಿದೆ, ಕಣ್ಣು ಕಿರಿದು ಮಾಡಿ ಓದು. ಕೈ ನಡುಕ ಈ ವರ್ಷ ಸ್ವಲ್ಪ ಜಾಸ್ತಿ. ನಿಮ್ಮ ದೊಡ್ಡಮ್ಮ "ನೀನು ಹೇಳು, ನಾನು ಬರೀತೀನಿ" ಅನ್ನುತ್ತಾಳೆ. ಅವಳು ಬರೆದರೆ ನಾನು ಹೇಳಿದ್ದು ಕಾಲು ಭಾಗ, ಅವಳದ್ದು ಮುಕ್ಕಾಲು. ಅದಕ್ಕೇ ಬೇಡ ಅಂದೆ.

ನೀನು ಕೇಳಿದ ಮೇಲೆ ಎರಡು ದಿನ ನಾನು ಅದೇ ಬೀದಿಯಲ್ಲಿ ಓಡಾಡಿದೆ, ಮಂಚದ ಮೇಲೆ ಮಲಗಿಕೊಂಡೇ. ನಿಮ್ಮಪ್ಪ ಬಿಟ್ಟು ಹೋದಾಗ ನೀನು ಎಂಟು ತಿಂಗಳ ಕೂಸು. ಡಾಕ್ಟರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡು, ಕ್ಲಿನಿಕ್ಕಿನ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಆಗ ಹಿಂದಿನ ಗಲ್ಲಿಯಲ್ಲಿ ಕನ್ನಡಿಯವನೊಬ್ಬ ಇದ್ದ, ಗಾಜಿನ ಬೆನ್ನಿಗೆ ಪಾದರಸ ಹಚ್ಚುತ್ತಿದ್ದ. ಪಾದರಸದಲ್ಲಿ ಚಿನ್ನ ಕಲಸಿ ಕಂಚಿನ ಸಾಮಾನಿಗೆ ಮುಲಾಮು ಹಾಕುವವರು ಗಂಡ ಹೆಂಡತಿ ಇದ್ದರು. ಇವರೆಲ್ಲ ನೀನು ನಡೆಯುವುದನ್ನು ಕಲಿಯುವ ಮೊದಲೇ ಖಾಲಿ ಮಾಡಿಕೊಂಡು ಹೋದರು. ಉಳಿದವರು ಅದೇ ಗಲ್ಲಿಯ ಎದುರು ಸಾಲಿನ ಗೇಜಣ್ಣ ಮತ್ತು ಅವನ ಅಪ್ಪ. ಬಾಯ್ಲರಿನ ಗೇಜು, ಉಷ್ಣಮಾಪಕ ಎಲ್ಲ ರಿಪೇರಿ ಮಾಡುತ್ತಿದ್ದರಲ್ಲ, ಅವರ ಹತ್ತಿರ ದಪ್ಪ ಬಾಟಲಿಯಲ್ಲಿ ಪಾದರಸ ಇರುತ್ತಿತ್ತು. ನೀನು ಜ್ವರ ಬಂದು ಮಲಗಿದಾಗ ಗೇಜಣ್ಣ ಒಂದು ಕೆಟ್ಟ ಗೇಜು ತಂದುಕೊಟ್ಟಿದ್ದ. ಅದರ ಮುಳ್ಳು ತಿರುಗಿಸುತ್ತಾ ನೀನು ಔಷಧಿ ಕುಡಿದೆ.

ಕ್ಲಿನಿಕ್ಕಿನ ಬೆಂಚು ನೆನಪಿದೆಯಾ? ಊರಿಗೇ ದೊಡ್ಡ ಪೈಲ್ವಾನ್ ಬಂದು ಕೂತಿದ್ದ. ಒಳಗೆ ಇನ್ನೂ ಬೇರೆಯವರ ಹಲ್ಲು ಕೀಳುತ್ತಿದ್ದರು, ಇವನು ಸದ್ದು ಕೇಳಿಯೇ ಧೊಪ್ಪನೆ ಬಿದ್ದ. ಅವನನ್ನು ಎತ್ತಲು ನಾಲ್ಕು ಜನ ರೋಗಿಗಳು ಬೇಕಾಯಿತು. ಡಾಕ್ಟರು ಹೊರಗೆ ಬಂದು, "ಇವರ ಹಲ್ಲು ಈಗಲೇ ಕಿತ್ತುಬಿಡೋಣ, ಎದ್ದ ಮೇಲೆ ಬಿಡಲ್ಲ" ಅಂದರು.

ಎಷ್ಟು ಚೊಕ್ಕ ಇತ್ತು ಆ ಜಾಗ! ದಿನಕ್ಕೆ ಮೂರು ಸಲ ನೆಲ ಒರೆಸುತ್ತಿದ್ದೆ. ಅಷ್ಟು ವರ್ಷದಲ್ಲಿ ಡಾಕ್ಟರು ಒಂದು ದಿನ ಒಂದು ಕಲೆ ತೋರಿಸಲಿಲ್ಲ. ಈಗ ಅಲ್ಲಿ ಯಾರಿದ್ದಾರೆ? ಗೇಜಣ್ಣ ಸಿಕ್ಕರೆ ಕೇಳಿದೆ ಅಂತ ಹೇಳು.

ಇತಿ ನಿನ್ನ ಅಮ್ಮ

*

ಮಾರ್ಚ್ 1

ಅಮ್ಮ,

ಪತ್ತೆಯಾಯಿತು. ಆದರೆ ನಿನಗೆ ಇಷ್ಟವಾಗುವುದಿಲ್ಲ.

ಪಾದರಸ ಹಿಂದಿನ ಗಲ್ಲಿಯ ಪೈಪಿನಲ್ಲಿದೆ. ಗೇಜಣ್ಣನ ಅಂಗಡಿಗಿಂತ ಮೇಲಿನ ಮ್ಯಾನ್‌ಹೋಲಿನ ಲೋಳೆ ಶುದ್ಧ, ಕೆಳಗಿನ ಮ್ಯಾನ್‌ಹೋಲಿನ ಲೋಳೆಯಲ್ಲಿ ಅದರ ನಲವತ್ತು ಪಟ್ಟು. ಮೂರು ಸಲ ಕೆರೆದು ನೋಡಿದೆವು. ಎರಡರ ನಡುವೆ ನಕ್ಷೆಯಲ್ಲಿ ಇರುವುದು ಆರೇ ಸಂಪರ್ಕ. ಐದು ಮನೆ, ಒಂದು ಅವನ ಅಂಗಡಿ. ಪಾದರಸ ಇಟ್ಟುಕೊಂಡಿರುವವನು ಅವನೊಬ್ಬನೇ.

ನಮ್ಮ ಕ್ಲಿನಿಕ್ಕನ್ನೂ ಬಿಡಲಿಲ್ಲ, ಪಕ್ಷಪಾತ ಮಾಡಿದೆ ಅನ್ನಬೇಡ. ಅದು ಮುಚ್ಚಿ ಹನ್ನೆರಡು ವರ್ಷವಾದರೂ ನೋಡಿದೆ. ನಕ್ಷೆಯ ಪ್ರಕಾರ ಆ ಕಟ್ಟಡದ ನೀರು ಮುಂದಿನ ದೊಡ್ಡ ರಸ್ತೆಗೆ ಹೋಗುತ್ತದೆ. ಅಲ್ಲಿಯ ಲೋಳೆಯಲ್ಲಿ ಏನೂ ಇಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಮೇಸ್ತ್ರಿಗೆ ಚಹಾ ಕೊಡಿಸಿದೆ. ಏಳೆಂಟು ತಿಂಗಳ ಹಿಂದೆ ಅಲ್ಲಿಗೆ ಪುಸ್ತಕ ಬೈಂಡಿಂಗ್ ಮಾಡುವವರು ಬಂದಿದ್ದಾರೆ. ನಮ್ಮ ಕೋಣೆಯಲ್ಲಿ ಅಂಟು ಕುದಿಸುತ್ತಾರೆ.

ಗೇಜಣ್ಣನ ಅಂಗಡಿಗೆ ಫೆಬ್ರವರಿ ಇಪ್ಪತ್ತಾರರಂದು ಸೀಲು ಹಾಕಿದೆವು. ಅವನು ಮೊದಲು ನನ್ನನ್ನು ನೋಡಿ, "ಅರೆ ಪುಟ್ಟಿ! ಎಷ್ಟು ದೊಡ್ಡವಳಾಗಿದ್ದೀಯ!" ಎಂದು ಕುರ್ಚಿ ಒರೆಸಿದ. ನೋಟಿಸ್ ಓದಿದ ಮೇಲೆ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ನಾನು ಒಂದು ಹನಿ ಬಿದ್ರೂ ಕಾಗದದಲ್ಲಿ ಹೆಕ್ಕಿ ಬಾಟಲಿಗೆ ಹಾಕ್ತೀನಿ. ಪಾದರಸ ಯಾರಾದ್ರೂ ಚೆಲ್ತಾರಾ? ಅದಿಲ್ದೆ ನಾನು ಕೆಲಸ ಏನು ಮಾಡ್ಲಿ?" ಅಂದ. ಎಲ್ಲರೂ ಹೀಗೇ ಹೇಳುತ್ತಾರೆ. ಪರಿಚಯದವರು ಎಂದು ಇವತ್ತು ಬಿಟ್ಟರೆ ನಾಳೆ ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗಲಿ? ನೋಟಿಸಿಗೆ ಸಹಿ ಹಾಕಿಸಿಕೊಂಡೆ. ಸಹಿ ಹಾಕಿ, "ಸರಿ ಮೇಡಂ" ಅಂದ. ಅದೊಂದು ಮಾತು ಆಗಾಗ ಕಿವಿಯಲ್ಲಿ ಕೂತುಬಿಡುತ್ತದೆ.

ಅವನ ಪಾದರಸದ ಬಾಟಲಿ ನೋಡಿದಾಗ ನನಗೆ ಐದು ವರ್ಷ ಆಗಿದ್ದಾಗಿನದ್ದು ನೆನಪಾಯಿತು. ಕ್ಲಿನಿಕ್ಕಿನ ಶೆಲ್ಫಿನಿಂದ ನಾನು ಬಾಟಲಿ ಇಳಿಸಿ, ತಟ್ಟೆಗೆ ಸುರಿದುಕೊಂಡು ಬೆರಳಲ್ಲಿ ಅಟ್ಟಿಸಿ ಆಡಿದ್ದೆ. ಒಂದು ಗುಂಡು ಹತ್ತಾಗುತ್ತಿತ್ತು, ಹತ್ತು ಸೇರಿ ಒಂದಾಗುತ್ತಿತ್ತು. ಅಷ್ಟು ಚೆಂದದ ಆಟದ ಸಾಮಾನು ನಾನು ಮತ್ತೆ ನೋಡಿಲ್ಲ. ನೀನು ನನಗೆ ಹೊಡೆದದ್ದು ಆ ಒಂದೇ ದಿನ. ಆಮೇಲೆ ಆ ಬಾಟಲಿ ಶೆಲ್ಫಿನ ಮೇಲೆ ಕಾಣಲೇ ಇಲ್ಲ. ಎಲ್ಲಿ ಬಚ್ಚಿಟ್ಟಿದ್ದೆ? ಮೂವತ್ಮೂರು ವರ್ಷ ಆಯಿತು, ಈಗಲಾದರೂ ಹೇಳು.

ನಿನ್ನ ಮಗಳು

*

ಮಾರ್ಚ್ 12

ಪುಟ್ಟಿಗೆ,

ಗೇಜಣ್ಣನ ವಿಷಯ ಓದಿ ಊಟ ಸೇರಲಿಲ್ಲ. ನೀನು ಕಲಿತವಳು, ತಪ್ಪು ಅನ್ನಲಾರೆ. ಆದರೂ ಇನ್ನೊಂದು ಸಲ ನೋಡು. ಅವನ ಅಪ್ಪ ಒಂದು ಸ್ಕ್ರೂ ಕಳೆದರೆ ಮೂರು ದಿನ ಮಾತಾಡುತ್ತಿರಲಿಲ್ಲ, ಅಂಥ ಮನೆ ಅದು.

ನೀನು ಬಾಟಲಿ ಕೇಳಿದ್ದೀಯ. ನಗು ಬಂತು, ಕಣ್ಣೂ ಒದ್ದೆಯಾಯಿತು. ಬಚ್ಚಿಟ್ಟಿರಲಿಲ್ಲ ಕಣೇ.

ಆಗ ಹಲ್ಲಿನ ತೂತಿಗೆ ತುಂಬುವ ಬೆಳ್ಳಿಯನ್ನು ನಾವೇ ಕಲಸಬೇಕಿತ್ತು. ಬೆಳ್ಳಿಪುಡಿ ಇಷ್ಟು, ಪಾದರಸ ಇಷ್ಟು, ಪುಟ್ಟ ಗಾಜಿನ ಕಲ್ಬತ್ತಿನಲ್ಲಿ ಹಾಕಿ ಅರೆಯುವುದು. ಅದು ಬೆಣ್ಣೆಯ ಹಾಗೆ ಮೆತ್ತಗಾಗುತ್ತಿತ್ತು. ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ, ಹೆಬ್ಬೆರಳು ತೋರುಬೆರಳಿನಲ್ಲಿ ಹಿಂಡಬೇಕು. ಹೆಚ್ಚಿನ ಪಾದರಸ ಬಟ್ಟೆಯಿಂದ ಹೊರಗೆ ಬಂದು ಬಟ್ಟಲಿಗೆ ಉದುರುತ್ತಿತ್ತು. ಉಳಿದ ಉಂಡೆಯನ್ನು ಡಾಕ್ಟರ ಕೈಗೆ ಕೊಡುವುದು. ತಡವಾದರೆ ಗಟ್ಟಿಯಾಗುತ್ತದೆ, ಬೇಗ ಕೊಟ್ಟರೆ ಹರಿದುಹೋಗುತ್ತದೆ. "ನಿನ್ನ ಬೆರಳಿಗೆ ಗಡಿಯಾರ ಇದೆ ಕಣಮ್ಮ" ಅನ್ನುತ್ತಿದ್ದರು ಡಾಕ್ಟರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಮಾತಿನಲ್ಲಿ.

ಹಿಂಡಿದ ಪಾದರಸದಲ್ಲಿ ಬೆಳ್ಳಿ ಸೇರಿರುತ್ತಿತ್ತು, ಮತ್ತೆ ಕೆಲಸಕ್ಕೆ ಬರುತ್ತಿರಲಿಲ್ಲ. ಅದನ್ನೇ ನಾನು ಬಾಟಲಿಯಲ್ಲಿ ನೀರು ಹಾಕಿ ಇಡುತ್ತಿದ್ದುದು. ಆ ದಿನ ನೀನು ತಟ್ಟೆ ತುಂಬ ಸುರಿದುಕೊಂಡು, ಬೆರಳು ಬಾಯಿಗೆ ಇಟ್ಟುಕೊಳ್ಳುವಷ್ಟರಲ್ಲಿ ನಾನು ಬಂದೆ. ನನ್ನ ಜೀವ ಬಾಯಿಗೆ ಬಂತು. ನಿನಗೆ ಹೊಡೆದೆ, ಆಮೇಲೆ ಹಿತ್ತಲಲ್ಲಿ ಕೂತು ನಾನೇ ಅತ್ತೆ. ಇನ್ನು ಈ ದರಿದ್ರ ಒಂದು ದಿನವೂ ಮನೆಯಲ್ಲಿ ಇರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ. ಕಸದ ತೊಟ್ಟಿಗೆ ಹಾಕಿದರೆ ಕಸ ಆಯುವವರ ಮಕ್ಕಳ ಕೈಗೆ ಸಿಗುತ್ತದೆ, ಅವರೂ ಮಕ್ಕಳೇ ಅಲ್ಲವಾ? ಅದಕ್ಕೆ ಹಿತ್ತಲಲ್ಲಿ ಕಲ್ಬತ್ತು ತೊಳೆಯುವ ಕಲ್ಲಿನ ತೊಟ್ಟಿಯ ತೂತಿಗೆ ಸುರಿದು, ಹಿಂದೆಯೇ ಮೂರು ಬಕೆಟ್ ನೀರು ಹೊಯ್ದೆ. ಒಂದಲ್ಲ, ಎರಡಲ್ಲ, ಮೂರು. ಎಲ್ಲೂ ಒಂದು ಗುಂಡು ಉಳಿಯಬಾರದು ಅಂತ. ಅವತ್ತಿನಿಂದ ಪ್ರತಿ ಶನಿವಾರ ಸಂಜೆ ಅದೇ ಕ್ರಮ, ಕ್ಲಿನಿಕ್ ಮುಚ್ಚುವವರೆಗೂ. ಜ್ವರ ಇದ್ದರೂ ತಪ್ಪಿಸಲಿಲ್ಲ.

ನಿನ್ನ ಕೈಗೆ ಸಿಗಬಾರದು ಅಂತ ಮಾಡಿದ್ದು. ಈಗ ಗೊತ್ತಾಯಿತಲ್ಲ, ಬಾಟಲಿ ಎಲ್ಲಿ ಹೋಯಿತು ಅಂತ.

ಇತಿ ನಿನ್ನ ಅಮ್ಮ

*

ಏಪ್ರಿಲ್ 3

ಪುಟ್ಟಿಗೆ,

ಮೂರು ವಾರ ಆಯಿತು, ನಿನ್ನ ಕಾಗದ ಇಲ್ಲ. ಅಂಚೆಯವನು ನಮ್ಮ ಗೇಟು ದಾಟುವಾಗ ನಿಮ್ಮ ದೊಡ್ಡಮ್ಮ "ಇವತ್ತೂ ಇಲ್ವಾ?" ಎಂದು ಅವನದೇ ತಪ್ಪು ಅನ್ನುವ ಹಾಗೆ ಕೇಳುತ್ತಾಳೆ. ಮೈಗೆ ಹುಷಾರಿಲ್ಲವಾ? ನಾನೇನಾದರೂ ಹೆಚ್ಚುಕಡಿಮೆ ಬರೆದೆನಾ? ಎರಡು ಸಾಲು ಹಾಕು, ಸಾಕು.

ಅಮ್ಮ

*

ಏಪ್ರಿಲ್ 6

ಅಮ್ಮ,

ಏನೂ ಇಲ್ಲ. ಕೆಲಸ ಜಾಸ್ತಿ. ಬಿಸಿಲು ಹೆಚ್ಚಾಗಿದೆ, ಮ್ಯಾನ್‌ಹೋಲ್ ಮುಚ್ಚಳ ಮುಟ್ಟಿದರೆ ಕೈ ಸುಡುತ್ತದೆ.

ನಿನ್ನ ಕೈ ನಡುಕ ಎಷ್ಟು ವರ್ಷದಿಂದ ಇದೆ? ಸರಿಯಾಗಿ ನೆನಪು ಮಾಡಿಕೋ. ದೊಡ್ಡಮ್ಮನ ಜೊತೆ ದೊಡ್ಡ ಆಸ್ಪತ್ರೆಗೆ ಹೋಗಿ ನರದ ಡಾಕ್ಟರಿಗೆ ತೋರಿಸು. ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸಬೇಕು. ಹಿಂದೆ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದರೆ ಮುಚ್ಚಿಡದೆ ಹೇಳು. ಇದೊಂದು ನನಗೋಸ್ಕರ ಮಾಡು.

ಬಾಟಲಿಯ ಕಥೆ ಇನ್ನು ಯಾರಿಗೂ ಹೇಳಬೇಡ. ಹಳೆಯದೆಲ್ಲ ಈಗ ಯಾಕೆ.

ನಿನ್ನ ಮಗಳು

*

ಏಪ್ರಿಲ್ 17

ಪುಟ್ಟಿ,

ಆಸ್ಪತ್ರೆಗೆ ಹೋಗಿ ಬಂದೆವು. ನರದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನ ಬೆರಳು ಹಿಡಿದು ನೋಡಿ, "ಅಮ್ಮ, ನೀವು ಯಾವತ್ತಾದ್ರೂ ಪಾದರಸದ ಕೆಲಸ ಮಾಡಿದ್ರಾ?" ಎಂದು ತಾನಾಗಿಯೇ ಕೇಳಿದಳು. ಎಲ್ಲ ಹೇಳಿದೆ, ಬರಿಗೈಯಲ್ಲಿ ಹಿಂಡುತ್ತಿದ್ದುದನ್ನೂ. ನಡುಕ ಅದರಿಂದ ಇರಬಹುದು, ವಯಸ್ಸಿನದ್ದೂ ಇರಬಹುದು, ಹೇಳಕ್ಕಾಗಲ್ಲ ಅಂದಳು. ಮಾತಿನ ನಡುವೆ ನಾನೇ ಕೇಳಿದೆ, "ಚರಂಡಿಗೆ ಹಾಕಿ ನೀರು ಹೊಯ್ದರೆ ಅದು ಕೊಚ್ಚಿಕೊಂಡು ಹೋಗುತ್ತಲ್ವಾ?" ಅಂತ. ಅವಳು ನಕ್ಕಳು. "ಎಲ್ಲಿ ಹೋಗುತ್ತಮ್ಮ, ಅಷ್ಟು ಭಾರ ಇರೋದು? ಎಲ್ಲೋ ತಗ್ಗಲ್ಲಿ ಕೂತಿರುತ್ತೆ" ಅಂದಳು.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನಿನ್ನ ಕಾಗದ ಮತ್ತೆ ನೆನಪು ಮಾಡಿಕೊಂಡೆ. ಬಾಟಲಿಯ ಕಥೆ ಯಾರಿಗೂ ಹೇಳಬೇಡ ಅಂತ ಬರೆದಿದ್ದೀಯಲ್ಲ. ನಾನು ಕಿವುಡಿ, ದಡ್ಡಿ ಅಲ್ಲ. ಹಿತ್ತಲ ತೊಟ್ಟಿಯ ನೀರು ಮುಂದಿನ ರಸ್ತೆಗೆ ಯಾವತ್ತೂ ಹೋಗಿಲ್ಲ. ಅದು ಹಳೇ ಪೈಪು, ಹಿಂದಿನ ಗಲ್ಲಿಗೆ ಹೋಗುತ್ತಿತ್ತು. ನಿಮ್ಮ ನಕ್ಷೆಯಲ್ಲಿ ಇಲ್ಲದಿದ್ದರೆ ಅದು ನಕ್ಷೆ ಬರೆದವನ ಹಣೆಬರಹ. ಈಗಿನವರು ಅದೇ ತೊಟ್ಟಿಯಲ್ಲಿ ಅಂಟಿನ ಪಾತ್ರೆಗೆ ಬಿಸಿನೀರು ಹೊಯ್ಯುತ್ತಿರಬೇಕು, ಕೂತದ್ದು ಕದಡುತ್ತಿದೆ.

ನಿನಗೆ ಒಂದು ತಿಂಗಳಿಂದ ಗೊತ್ತು. ನಿನಗೆ ಗೊತ್ತು, ಅವನ ಅಂಗಡಿಗೆ ಬೀಗ.

ಸಿಟ್ಟು ಎಷ್ಟು ಬಂತು ಅಂದರೆ ನಿಮ್ಮ ದೊಡ್ಡಮ್ಮ ಮಾತಾಡಿಸಲು ಹೆದರಿದಳು. ನನ್ನ ಮರ್ಯಾದೆ ಕಾಯುವುದಕ್ಕೆ ನಿನಗೆ ಹೇಳಿದವರು ಯಾರು? ಪರಿಚಯದವರು ಎಂದು ಬಿಡುವುದಿಲ್ಲ ಅಂತ ಜಂಬ ಕೊಚ್ಚಿಕೊಂಡಿದ್ದೆಯಲ್ಲ, ಆ ನ್ಯಾಯ ಗೇಜಣ್ಣನಿಗೆ ಮಾತ್ರವಾ? ಆಮೇಲೆ ಸಿಟ್ಟು ಇಳಿಯಿತು. ಚೊಕ್ಕ ಚೊಕ್ಕ ಅಂತ ನಾನು ಜೀವಮಾನವೆಲ್ಲ ಬೀಗಿದ್ದು ಒಂದು ಕಡೆ, ಪೇಟೆಯ ಹೊಟ್ಟೆಯೊಳಗೆ ನಾನು ವಾರ ವಾರ ಸುರಿದದ್ದು ಇನ್ನೊಂದು ಕಡೆ. ಅಡುಗೆಮನೆಯಲ್ಲಿ ಕೂತು ಅತ್ತೆ. ನಿನಗೆ ಅದನ್ನು ಹೇಳಲು ಬಾಯಿ ಬರಲಿಲ್ಲ ಅನ್ನುವುದೂ ಅರ್ಥವಾಯಿತು. ಅರ್ಥವಾದರೆ ಸರಿಯಾಗಿಬಿಡುವುದಿಲ್ಲ.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ, ನಿಮ್ಮ ಮೇಲಧಿಕಾರಿಗೆ. ಅಂಚೆಯಲ್ಲಿ ನೇರವಾಗಿ ಅವರಿಗೇ ಕಳಿಸಬಹುದಿತ್ತು. ಕಳಿಸಲಿಲ್ಲ. ನಿನ್ನ ಕೈಯಾರೆ ನೀನೇ ಕೊಡಬೇಕು.

ಅಮ್ಮ

*

ಏಪ್ರಿಲ್ 17

ಒಳಚರಂಡಿ ಮಂಡಳಿಯ ಮೇಲಧಿಕಾರಿಗಳಿಗೆ,

ಸ್ವಾಮಿ, ನಾನು ಹಳೇ ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಇಪ್ಪತ್ತೈದು ವರ್ಷ ಸಹಾಯಕಿಯಾಗಿದ್ದವಳು. ಹಿಂದಿನ ಗಲ್ಲಿಯ ಪೈಪಿನಲ್ಲಿ ಸಿಕ್ಕಿರುವ ಪಾದರಸ ಗೇಜು ರಿಪೇರಿಯವರದ್ದಲ್ಲ, ನನ್ನದು. ಇಪ್ಪತ್ತೊಂದು ವರ್ಷ ಪ್ರತಿ ಶನಿವಾರ ಹಿತ್ತಲ ಕಲ್ಲಿನ ತೊಟ್ಟಿಯಲ್ಲಿ ನಾನೇ ಸುರಿದಿದ್ದೇನೆ. ತೊಟ್ಟಿಯ ಪೈಪು ಪಾಯಖಾನೆಯ ಗೋಡೆಯ ಪಕ್ಕದಲ್ಲಿ ಹೋಗಿ, ಗಲ್ಲಿಗೆ ಬೀಳುವ ಮೊದಲು ಒಂದು ಕಡೆ ಬಾಗುತ್ತದೆ. ಕೊಳಾಯಿಯವರು ಒಮ್ಮೆ ಅಗೆದಾಗ ನೋಡಿದ್ದೇನೆ. ಅಲ್ಲಿ ಅಗೆಯಿರಿ.

ಡಾಕ್ಟರು ಬಾಟಲಿ ಎಲ್ಲಿ ಹೋಯಿತು ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ತೀರಿಕೊಂಡಿದ್ದಾರೆ, ಅವರ ಮೇಲೆ ಹಾಕಬೇಡಿ. ಅದು ಕೆಟ್ಟದ್ದು ಎಂದು ನನಗೆ ಗೊತ್ತಿತ್ತು, ಅದಕ್ಕೇ ದೂರ ಹೋಗಲಿ ಎಂದು ಸುರಿದೆ. ದೂರ ಹೋಗುವುದಿಲ್ಲ ಎಂದು ಗೊತ್ತಿರಲಿಲ್ಲ. ಕೂಡಲೇ ಆ ಅಂಗಡಿಯ ಸೀಲು ತೆಗೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಅಕ್ಷರ ವಕ್ರವಾಗಿರುವುದಕ್ಕೆ ಕ್ಷಮಿಸಬೇಕು.

ಹಲ್ಲಿನ ಕ್ಲಿನಿಕ್ಕಿನ ಸಹಾಯಕಿ

*

ಮೇ 9

ಅಮ್ಮ,

ನಿನ್ನ ಕಾಗದ ಏಪ್ರಿಲ್ ಇಪ್ಪತ್ತೆರಡರಂದು ಬಂತು. ಅವತ್ತು ಮಧ್ಯಾಹ್ನವೇ ಕೊಟ್ಟೆ. ಸಾಹೇಬರು ಎರಡು ಸಲ ಓದಿ, "ಇದು ಇವತ್ತು ತಾನೇ ನಿಮಗೆ ಗೊತ್ತಾಗಿದ್ದು?" ಎಂದು ಕೇಳಿದರು. ಹೌದು ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರೂ ಅದನ್ನೇ ಕೇಳಲು ಕಾಯುತ್ತಿದ್ದರು ಅನ್ನಿಸಿತು. "ಇಲ್ಲ ಸಾರ್, ಮಾರ್ಚ್ ಹದಿನೇಳಕ್ಕೇ, ಅಮ್ಮನ ಹಿಂದಿನ ಕಾಗದ ಬಂದಾಗಲೇ ಗೊತ್ತಾಯ್ತು" ಅಂದೆ. ನನ್ನನ್ನು ಮತ್ತೆ ಪ್ರಯೋಗಾಲಯದ ಬೆಂಚಿಗೆ ಹಾಕಿದ್ದಾರೆ, ವಿಚಾರಣೆ ಮುಗಿಯುವವರೆಗೆ. ನನಗೆ ಬೇಜಾರಿಲ್ಲ. ಬೇಜಾರಿದೆ, ಆದರೆ ದೂರು ಹೇಳಲು ಬಾಯಿಲ್ಲ.

ಆ ಮೂವತ್ತಾರು ದಿನ ನಾನು ಏನು ಮಾಡಿದೆ ಎಂದು ನಿನಗೆ ಹೇಳಬೇಕು. ದಿನಾ ವರದಿ ಬರೆಯಲು ಕೂರುತ್ತಿದ್ದೆ. ಮೂಲ ಎಂಬ ಕಡೆ ಏನು ಬರೆಯಲಿ? ನನಗೋಸ್ಕರ ಹೊಯ್ದ ಮೂರು ಬಕೆಟ್ ನೀರು ಎಂದು ಬರೆಯಲೇ? ಪೆನ್ನು ಮುಚ್ಚಿಡುತ್ತಿದ್ದೆ. ಗೇಜಣ್ಣ ಎರಡು ಸಲ ಕಚೇರಿಗೆ ಬಂದಿದ್ದ, ನಾನು ಇಲ್ಲ ಎಂದು ಹೇಳಿಸಿದೆ. ಒಳಗಿನ ಕಿಟಕಿಯಿಂದ ಅವನು ಮೆಟ್ಟಿಲು ಇಳಿಯುವುದನ್ನು ನೋಡುತ್ತಿದ್ದೆ. ನಾಚಿಕೆಯಾಗುತ್ತದೆ ಅಮ್ಮ.

ಮೇ ಎರಡರಂದು ಅಗೆದರು. ನನ್ನನ್ನು ಬೆಂಚಿಗೆ ಹಾಕಿದ್ದರೂ ಮೇಸ್ತ್ರಿ ಹೇಳಿಕಳಿಸಿದರು, ಹೋಗಿ ದೂರದಲ್ಲಿ ನಿಂತೆ. ಹಿತ್ತಲು ಅಷ್ಟೇ ಇದೆ, ನನಗೆ ದೊಡ್ಡದಾಗಿ ನೆನಪಿತ್ತು. ಬಟ್ಟೆ ಒಣಹಾಕಲು ನೀನು ಹೊಡೆದ ಮೊಳೆ ಗೋಡೆಯಲ್ಲಿದೆ, ಬೈಂಡಿಂಗಿನವರು ಅದಕ್ಕೆ ಕತ್ತರಿ ನೇತುಹಾಕಿದ್ದಾರೆ. ನೀನು ಕಲ್ಬತ್ತು ತೊಳೆಯುತ್ತಾ ಸಣ್ಣಗೆ ಹಾಡಿಕೊಳ್ಳುತ್ತಿದ್ದೆ, ನಾನು ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಆ ಶನಿವಾರಗಳೆಲ್ಲ ನನ್ನ ಪಾಲಿನ ಅತ್ಯಂತ ಒಳ್ಳೆಯ ದಿನಗಳು. ಈಗಲೂ ಹಾಗೇ ಅನ್ನಿಸುತ್ತದೆ, ಗೊತ್ತಾದ ಮೇಲೂ.

ನೀನು ಹೇಳಿದ ಬಾಗಿನಲ್ಲಿಯೇ ಇತ್ತು. ಮೇಸ್ತ್ರಿ ಪೈಪು ಬಿಡಿಸಿ ಬಾನಿಯೊಳಗೆ ಬಗ್ಗಿಸಿದರು. ಕಪ್ಪು ಕೆಸರಿನ ಜೊತೆ ಅದು ಜಾರಿ ಬಿತ್ತು, ಒಂದು ಚೊಂಬೂ ಇಲ್ಲ, ಆದರೆ ತೂಕ ಆರೂವರೆ ಕಿಲೋ. ಮೇಸ್ತ್ರಿ, "ಇಷ್ಟು ವರ್ಷ ಆದ್ರೂ ಎಷ್ಟು ಹೊಳೀತಿದೆ ನೋಡಿ ಮೇಡಂ" ಅಂದರು. ನಾನು ಆ ಕಡೆ ತಿರುಗಿ ಮುಖ ಒರೆಸಿಕೊಂಡೆ.

ಮೇ ನಾಲ್ಕಕ್ಕೆ ಗೇಜಣ್ಣನ ಸೀಲು ತೆಗೆದರು. ಅರವತ್ತೇಳು ದಿನ. ಎಲ್ಲರೂ ಹೋದ ಮೇಲೆ ನಾನು ಒಳಗೆ ಹೋದೆ. ಅವನು ಗೇಜುಗಳ ಗಾಜಿನ ಮೇಲಿನ ಧೂಳು ಒರೆಸುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ, ಕಿಟಕಿಯಿಂದ ನೋಡುತ್ತಿದ್ದುದನ್ನೂ ಬಿಡಲಿಲ್ಲ.

"ಎಷ್ಟು ದಿನ?" ಅಂದ.

"ಮೂವತ್ತಾರು."

ಅವನು ಇನ್ನೂ ನಾಲ್ಕು ಗಾಜು ಒರೆಸಿದ. "ಬಾಯ್ಲರಿನವರು ಕಾದು ಕಾದು ಬೇರೆ ಕಡೆ ಹೋದ್ರು. ನಮ್ಮಪ್ಪನ ಕಾಲದಿಂದ ಬರ್ತಿದ್ದವರು. ನಿಮಗೆ ಗೊತ್ತಾಗೋಕೆ ಮೊದಲಿನ ದಿನಗಳಿಗೆ ನಾನು ಏನೂ ಅನ್ನಲ್ಲ, ನಿಮ್ಮ ಕೆಲಸ ನೀವು ಮಾಡಿದ್ರಿ. ಆಮೇಲಿಂದು ಮಾತ್ರ ನನಗೆ ಅರಗ್ತಿಲ್ಲ" ಅಂದ.

ಕ್ಷಮಿಸಿ ಅಂದೆ. ಅವನು ಒರೆಸುವ ಬಟ್ಟೆ ಕೆಳಗಿಟ್ಟ. ಬಾಯಿ ತೆರೆದು, ಎಡಗಡೆ ಕೆಳದವಡೆಯ ಹಲ್ಲೊಂದನ್ನು ಬೆರಳಿಟ್ಟು ತೋರಿಸಿದ. ಕಪ್ಪಗಾಗಿದೆ, ಆದರೆ ಸುತ್ತ ಒಂದು ಕೂದಲೆಳೆ ಸಂದು ಇಲ್ಲ.

"ಇದು ನಿಮ್ಮಮ್ಮ ಕಲಸಿಕೊಟ್ಟಿದ್ದು. ಮೂವತ್ತು ವರ್ಷ ಆಯ್ತು, ಅಲ್ಲಾಡಿಲ್ಲ. ಆ ಕಾಗದಾನೂ ಅವರೇ ಬರೆದ್ರಂತೆ, ನಿಮ್ಮ ಸಾಹೇಬ್ರು ಓದಿ ಹೇಳಿದ್ರು. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅವರಿಗೆ ಮಾತ್ರ."

ಹೇಳಿದ್ದೇನೆ.

ನಿನ್ನ ಮಗಳು

*

ಮೇ 20

ಪುಟ್ಟಿಗೆ,

ಅವನ ನಮಸ್ಕಾರ ಮುಟ್ಟಿತು. ಇಟ್ಟುಕೊಳ್ಳಲು ಸಂಕೋಚವಾಯಿತು, ಆದರೂ ಇಟ್ಟುಕೊಂಡೆ. ಆ ಹಲ್ಲು ಚೆನ್ನಾಗಿ ನೆನಪಿದೆ. ಕುರ್ಚಿಯಲ್ಲಿ ಕೂತು, "ಅಕ್ಕಾ, ನೋವಾಗುತ್ತಾ?" ಎಂದು ಡಾಕ್ಟರನ್ನು ಬಿಟ್ಟು ನನ್ನನ್ನು ಕೇಳಿದ್ದ. ಆಗುತ್ತೆ ಅಂದಿದ್ದೆ. ಅದಕ್ಕೇ ನಂಬಿ ಬಾಯಿ ತೆರೆದ.

ಅವನಿಗೆ ನಾನು ಬೇರೆ ಕಾಗದ ಬರೆದಿದ್ದೇನೆ, ಅದರಲ್ಲಿ ಏನಿದೆ ಎಂದು ಕೇಳಬೇಡ. ನಿನ್ನ ಪರವಾಗಿ ಒಂದು ಮಾತೂ ಬರೆದಿಲ್ಲ. ಅದು ನೀನೇ ಮಾಡಬೇಕಾದ ಕೆಲಸ.

ಹಳೇ ಪೇಟೆಯ ಕಡೆ ಕಾಲಿಡದೆ ತಪ್ಪಿಸಿಕೊಳ್ಳುತ್ತಿದ್ದೀಯ ಅಂತ ನನಗೆ ಗೊತ್ತು, ನೀನು ಬರೆಯದಿದ್ದರೂ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು. ನಾಳೆಯಿಂದ ಕಚೇರಿಗೆ ಆ ಗಲ್ಲಿಯಲ್ಲೇ ಹೋಗು. ಅವನ ಅಂಗಡಿಯ ಮುಂದೆ ನಿಂತು ನೀನೇ ಮೊದಲು ನಮಸ್ಕಾರ ಮಾಡು. ಅವನು ಮುಖ ತಿರುಗಿಸಲಿ, ಗೇಜು ಒರೆಸುತ್ತಾ ಕೂರಲಿ, ನೀನು ಮಾಡಿ ಮುಂದೆ ಹೋಗು. ಮಾರನೆಯ ದಿನ ಮತ್ತೆ ಮಾಡು. ಅವನು ತಿರುಗಿ ಮಾಡುವ ದಿನ ಬರುತ್ತದೆ ಎಂದು ನಾನು ನಿನಗೆ ಆಸೆ ಹುಟ್ಟಿಸುವುದಿಲ್ಲ. ಬರದಿದ್ದರೂ ನಿಲ್ಲಿಸಬೇಡ.

ಅಮ್ಮ